ಓದುಗರ ಪ್ರಶ್ನೆ: ಕ್ರಾಫ್ಟ್ ಬಿಯರ್ ಯಾವುದರಿಂದ ಶುರು ಮಾಡಬೇಕು?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಕ್ರಾಫ್ಟ್ ಬಿಯರ್ (ಸಣ್ಣ ಪ್ರಮಾಣದಲ್ಲಿ, ಒಂದು ಶೈಲಿ ಹಿಡಿದು ಮಾಡಿದ ಬಿಯರ್) ಕುರಿತು ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ. 21 ತುಂಬದವರು, ಗರ್ಭಿಣಿಯರು, ಡಾಕ್ಟರು ಬೇಡವೆಂದವರು ಪುಟ ಓದಲು ಅಡ್ಡಿಯಿಲ್ಲ, ಗ್ಲಾಸಿಗೆ ಮಾತ್ರ ಕೈ ಹಾಕುವುದು ಬೇಡ. ಇದುವರೆಗೆ ಕುಡಿಯದವರು ಶುರು ಮಾಡಲಿ ಎಂಬ ಆಸೆಯೂ ನಮಗಿಲ್ಲ.

ಬೆಂಗಳೂರಿನ ಒಂದು ಬ್ರೂಪಬ್‌ಗೆ (ಅಲ್ಲೇ ಬಿಯರ್ ಮಾಡಿ ಕೊಡೋ ಪಬ್) ಗೆಳೆಯರ ಜೋಡಿ ಹೋಗಿದ್ದೆ. ಬೋರ್ಡಿನ ಮ್ಯಾಲೆ ಎಂಟು ಹೆಸರು. ಎಲ್ಲಾರೂ ಐಪಿಎ ತಗೊಂಡ್ರು ಅಂತ ನಾನೂ ತಗೊಂಡೆ. ಬೇವಿನ ಕಷಾಯ ಕುಡದಂಗಾತು, ಅರ್ಧಾ ಬಿಟ್ಟು ಬಂದೆ. ಇದು ನನಗ ಆಗಿಬರೂದಿಲ್ಲ ಅನಸ್ತದ. ಮತ್ತೊಮ್ಮೆ ನೋಡೂದಾದ್ರ ಎಲ್ಲಿಂದ ಶುರು ಮಾಡಬೇಕ್ರಿ?
— ಟಿಳಕವಾಡಿ, ಬೆಳಗಾವಿ

ನಿಮಗೆ ಆಗಿಬರದೇ ಹೋದದ್ದು ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್ ಎಂಬ ಕಹಿ ಮುಂದಿರುವ ಬಿಯರ್. ಅದೂ ಆ ದಿನದ ಆ ಒಂದು ಐಪಿಎ. ಅಷ್ಟರಿಂದ ಇಡೀ ಬಿಯರ್ ಜಾತಿಯನ್ನೇ ಬಿಡಬೇಕಾಗಿಲ್ಲ.

ಬಿಯರ್‌ನ ಕಹಿಗೆ ಐಬಿಯು ಎಂಬ ಅಳತೆಯಿದೆ. ಬಹಳ ಬ್ರೂಪಬ್‌ಗಳ ಬೋರ್ಡಿನಲ್ಲಿ ಶೇಕಡಾವಾರು ಆಲ್ಕೋಹಾಲ್ ಪಕ್ಕದಲ್ಲೇ ಇದನ್ನೂ ಬರೆದಿರುತ್ತಾರೆ. ನಾವು ಕುಡಿದು ಬೆಳೆದ ಸಾಮಾನ್ಯ ಲಾಗರ್‌ನಲ್ಲಿ ಇದು 8ರಿಂದ 18. ಅಮೆರಿಕನ್ ಐಪಿಎಯಲ್ಲಿ 40ರಿಂದ 70. ಒಂದೇ ಜಿಗಿತಕ್ಕೆ ನಾಲ್ಕೈದು ಪಟ್ಟು ಕಹಿ ಬಾಯಿಗೆ ಬಂದರೆ ನಾಲಗೆ ಬೇರೇನನ್ನೂ ಗಮನಿಸುವುದಿಲ್ಲ.

ಮುಂದಿನ ಸಲ ಮಗ್ ಹೇಳಬೇಡಿ, ಸ್ಯಾಂಪ್ಲರ್ ಹೇಳಿ. 90ರಿಂದ 120 ಮಿ.ಲೀ.ನ ನಾಲ್ಕು ಸಣ್ಣ ಗ್ಲಾಸುಗಳು ಬರುತ್ತವೆ, ಎಲ್ಲ ಸೇರಿ ಹೆಚ್ಚುಕಡಿಮೆ ಒಂದು ಮಗ್. ನಮ್ಮ ಆಯ್ಕೆ ಹೀಗೆ: ಮೊದಲು ಗೋಧಿ ಬಿಯರ್ (ಬೆಲ್ಜಿಯನ್ ವಿಟ್ ಅಥವಾ ಜರ್ಮನ್ ಹೆಫೆವೈಜನ್, ಎರಡರಲ್ಲೂ ಐಬಿಯು 20 ದಾಟುವುದಿಲ್ಲ), ನಂತರ ಕೋಲ್ಷ್ ಅಥವಾ ಪಿಲ್ಸ್‌ನರ್ (ಎರಡೂ ತಿಳಿ ಹೊಂಬಣ್ಣದ ಹಗುರ ಬಿಯರ್), ಆಮೇಲೆ ಪೇಲ್ ಏಲ್ (ಐಪಿಎಯ ಕಹಿ ಕಡಿಮೆಯ ತಮ್ಮ), ಕೊನೆಗೆ ಸ್ಟೌಟ್ (ಹುರಿದ ಬಾರ್ಲಿಯ ಕಪ್ಪು ಬಿಯರ್). ಈ ಕ್ರಮ ತಪ್ಪಿಸಬೇಡಿ. ಸ್ಟೌಟ್ ಕುಡಿದ ಬಾಯಿಗೆ ವಿಟ್ ಬರೀ ನೀರಾಗಿ ಕಾಣುತ್ತದೆ. ನಡುನಡುವೆ ನೀರು ಕುಡಿಯಿರಿ. ನಾಲ್ಕೂ ಮುಗಿಯುವ ತನಕ ಮಸಾಲಾ ಶೇಂಗಾದ ತಟ್ಟೆಯನ್ನು ಮೇಜಿನ ಆ ತುದಿಗೆ ತಳ್ಳಿ.

ಒಂದೊಂದನ್ನೂ ಮೊದಲು ಮೂಸಿ, ಆಮೇಲೆ ಗುಟುಕು. ಮೊದಲ ಗುಟುಕಿಗೆ ತೀರ್ಪು ಕೊಡಬೇಡಿ, ಅದು ಬಾಯಿ ತೊಳೆಯಲಿಕ್ಕೆ. ಎರಡನೆಯದರಲ್ಲಿ ಮೂರು ಸಂಗತಿ ನೋಡಿ. ಬ್ರೆಡ್ಡು, ಬಿಸ್ಕತ್ತು, ಸುಟ್ಟ ಸಕ್ಕರೆ ಅಥವಾ ಕಾಫಿಯ ರುಚಿ ಕಂಡರೆ ಅದು ಮಾಲ್ಟ್‌ನದು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯದು. ಕಹಿ, ಕಿತ್ತಳೆ ಸಿಪ್ಪೆ, ಮಾವು, ದೇವದಾರಿನ ವಾಸನೆ ಬಂದರೆ ಹಾಪ್ಸ್ ಎಂಬ ಬಳ್ಳಿಯ ಹೂವಿನದು. ಬಾಳೆಹಣ್ಣು, ಲವಂಗ, ಮೆಣಸಿನಂಥ ಘಾಟು ಇದ್ದರೆ ಬಹುತೇಕ ಯೀಸ್ಟಿನದು. ಹೆಫೆವೈಜನ್‌ಗೆ ಯಾರೂ ಬಾಳೆಹಣ್ಣು ಹಾಕಿರುವುದಿಲ್ಲ, ಲವಂಗವನ್ನೂ ಹಾಕಿರುವುದಿಲ್ಲ. ಆ ಜಾತಿಯ ಯೀಸ್ಟೇ ಹುದುಗುವಾಗ ಎರಡನ್ನೂ ಹುಟ್ಟಿಸುತ್ತದೆ. ಬೆಲ್ಜಿಯನ್ ವಿಟ್‌ಗೆ ಮಾತ್ರ ನಿಜವಾಗಿಯೂ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ.

ನಾಲ್ಕರಲ್ಲಿ ಯಾವ ಗ್ಲಾಸು ತಾನಾಗಿ ಮೊದಲು ಖಾಲಿಯಾಯಿತೋ ಅದೇ ನಿಮ್ಮ ದಾರಿ. ಗೋಧಿ ಬಿಯರ್ ಖಾಲಿಯಾಗಿದ್ದರೆ ಮುಂದೆ ಬೆಲ್ಜಿಯನ್ ಬ್ಲಾಂಡ್, ಸೇಸಾನ್ ನೋಡಿ. ಪಿಲ್ಸ್‌ನರ್ ಹಿಡಿಸಿದರೆ ಹೆಲೆಸ್, ವಿಯೆನ್ನಾ ಲಾಗರ್. ಸ್ಟೌಟ್ ಹಿಡಿಸಿದರೆ ಓಟ್‌ಮೀಲ್ ಸ್ಟೌಟ್, ಪೋರ್ಟರ್. ಪೇಲ್ ಏಲ್ ವಾಸನೆ ಇಷ್ಟವಾಗಿ ಕಹಿ ಮಾತ್ರ ಬೇಡವೆನಿಸಿದರೆ ಅದಕ್ಕೂ ಉಪಾಯವಿದೆ. ಹಾಪ್ಸನ್ನು ಒಂದು ಗಂಟೆ ಕುದಿಸಿದಾಗ ಕಹಿ ಇಳಿಯುತ್ತದೆ, ವಾಸನೆ ಆವಿಯಾಗಿ ಹೋಗುತ್ತದೆ. ಕುದಿ ನಿಲ್ಲುವ ಹೊತ್ತಿಗೆ ಅಥವಾ ತಣ್ಣಗಾದ ಬಿಯರ್‌ಗೇ ಹಾಕಿದರೆ ವಾಸನೆ ಉಳಿಯುತ್ತದೆ, ಕಹಿ ಹೆಚ್ಚು ಬರುವುದಿಲ್ಲ. ಮಬ್ಬಾಗಿ ಮಾವಿನ ರಸದಂತೆ ಕಾಣುವ ಹೇಜಿ ಐಪಿಎ ಮಾಡುವುದು ಹೆಚ್ಚಾಗಿ ಈ ಎರಡನೇ ರೀತಿಯಲ್ಲಿ. ಐಪಿಎಯಿಂದ ಓಡಿಹೋದವರಲ್ಲಿ ಹಲವರು ಈ ದಾರಿಯಿಂದ ವಾಪಸು ಬರುತ್ತಾರೆ.

ಬಾರ್ ಕೌಂಟರಿನಲ್ಲಿ "ಯಾವುದು ಚೊಲೋ ಅದ?" ಎಂದು ಕೇಳಬೇಡಿ. "ಕಹಿ ಕಡಿಮೆ ಇರಲಿ, ಹಣ್ಣಿನ ವಾಸನೆ ಇದ್ದರೆ ಅಡ್ಡಿಯಿಲ್ಲ" ಎಂದರೆ ಮಾತ್ರ ಅವರಿಗೂ ಏನು ಕೊಡಬೇಕೆಂದು ತಿಳಿಯುತ್ತದೆ.

ಕ್ರಾಫ್ಟ್ ಬಿಯರ್ ಅಂದ್ರ ನಿಜಕ್ಕೂ ಬ್ಯಾರೆನಾ, ಇಲ್ಲಾ ರೇಟ್ ಏರಸಾಕ ಇಟ್ಟ ಹೆಸರಾ?
— ಗೋಕಾಕ

ಎರಡೂ ಇವೆ. ಸಣ್ಣ ಪ್ರಮಾಣದಲ್ಲಿ, ಅಕ್ಕಿ, ಮೆಕ್ಕೆಜೋಳ, ಸಕ್ಕರೆಯಿಂದ ಖರ್ಚು ಇಳಿಸದೆ, ಒಂದು ಶೈಲಿಯನ್ನು ಗುರಿಯಾಗಿಟ್ಟುಕೊಂಡು ಮಾಡಿದ್ದು ಕ್ರಾಫ್ಟ್ ಎಂಬುದು ಸಾಮಾನ್ಯ ಅರ್ಥ. ಅಕ್ಕಿ ಇದ್ದ ಮಾತ್ರಕ್ಕೆ ಕೀಳಲ್ಲ. ಬೆಂಗಳೂರಿನ ಟಾಯ್ಟ್ ಎಂಬ ಬ್ರೂಪಬ್ ಬಾಸ್ಮತಿ ಅಕ್ಕಿ ಹಾಕಿಯೇ ಬಾಸ್ಮತಿ ಬ್ಲಾಂಡ್ ಮಾಡುತ್ತದೆ, ಅಲ್ಲಿ ಅಕ್ಕಿ ಇರುವುದು ರುಚಿಗೆ. ನಮ್ಮ ದೇಶದಲ್ಲಿ ಈ ಗಾಳಿ ಬೀಸಿದ್ದು ಮೈಕ್ರೋಬ್ರೂವರಿಗಳಿಂದ, ಅಂದರೆ ಬಿಯರ್ ಮಾಡುವ ಸಣ್ಣ ಘಟಕಗಳಿಂದ. ಪುಣೆಯ ಡೂಲಾಲಿ 2009ರಲ್ಲಿ ಶುರುವಾಯಿತು, ಬೆಂಗಳೂರು ಅದರ ಬೆನ್ನಿಗೇ ಬಂತು. ಬಾಟಲಿ ಕೊಳ್ಳುವಾಗ 'ಕ್ರಾಫ್ಟ್' ಎಂಬ ಅಕ್ಷರ ನೋಡಬೇಡಿ. ಶೈಲಿಯ ಹೆಸರು, ಒಳಗೆ ಹಾಕಿದ ಪದಾರ್ಥ, ತಯಾರಾದ ದಿನಾಂಕ, ಈ ಮೂರನ್ನು ನೋಡಿ.

ನಾವು 650 ಮಿ.ಲೀ. ಸ್ಟ್ರಾಂಗ್ ಕುಡಿಯೋ ಮಂದಿ. ಈ ಶೇ. 5ರ ಸಣ್ಣ ಬಾಟ್ಲಿ ಕುಡದ್ರ ಏನೂ ಆಗೂದಿಲ್ಲ, ರೊಕ್ಕಾನೂ ಜಾಸ್ತಿ. ಇದರಾಗ ಏನ್ ಮಜಾ ಅದ?
— ಜಮಖಂಡಿ

ಲೆಕ್ಕ ಹಾಕೋಣ. ನಮ್ಮಲ್ಲಿ ಸ್ಟ್ರಾಂಗ್ ಬಿಯರ್ ಶೇ. 8ರವರೆಗೆ ಇರುತ್ತದೆ. 650 ಮಿ.ಲೀ.ನಲ್ಲಿ ಶೇ. 8 ಎಂದರೆ 52 ಮಿ.ಲೀ. ಶುದ್ಧ ಆಲ್ಕೋಹಾಲ್, ತೂಕದಲ್ಲಿ ಸುಮಾರು 41 ಗ್ರಾಂ. 330 ಮಿ.ಲೀ.ನಲ್ಲಿ ಶೇ. 5 ಎಂದರೆ 16.5 ಮಿ.ಲೀ., ಸುಮಾರು 13 ಗ್ರಾಂ. ನಿಮ್ಮ 'ಒಂದು ಬಾಟಲಿ' ಮೂರು ಸಣ್ಣ ಬಾಟಲಿಗಿಂತ ಒಂದು ತೂಕ ಹೆಚ್ಚೇ ಆಯಿತು. ನಶೆಯೇ ಬೇಕಾದ್ದಾದರೆ ಕ್ರಾಫ್ಟ್ ಬಿಯರ್ ದುಬಾರಿ ದಾರಿ, ಅದರಲ್ಲಿ ಸಂಶಯವಿಲ್ಲ.

ಆದರೆ ಸ್ಟ್ರಾಂಗ್ ಕುಡಿಯುವವರಿಗೆ ಬರೀ ನಶೆ ಹಿಡಿಸಿರುತ್ತದೆ ಎನ್ನುವುದನ್ನು ನಾವು ಒಪ್ಪುವುದಿಲ್ಲ. ಆ ಬಿಯರ್‌ಗಳಲ್ಲಿ ಸ್ವಲ್ಪ ಸಿಹಿ, ಬಾಯಿತುಂಬ ಬರುವ ದಪ್ಪ, ಗಂಟಲಲ್ಲೊಂದು ಬೆಚ್ಚಗೆ ಇರುತ್ತದೆ. ಇವು ಬೇಕಿದ್ದವರಿಗೆ ಪಿಲ್ಸ್‌ನರ್ ಕೊಟ್ಟರೆ ಸಪ್ಪೆ ಎನ್ನುವುದು ಸಹಜ. ನೀವು ಕೇಳಬೇಕಾದದ್ದು ಬೆಲ್ಜಿಯನ್ ಟ್ರಿಪೆಲ್, ಡಾಪೆಲ್‌ಬಾಕ್ ಅಥವಾ ವೈಜನ್‌ಬಾಕ್. ಶೇ. 7ರಿಂದ 9ರ ಆಸುಪಾಸಿನವು, ಆದರೆ ಆ ಬಲದ ಹಿಂದೆ ಒಣದ್ರಾಕ್ಷಿ, ಜೇನು, ಬ್ರೆಡ್ಡಿನ ಹೊರಪದರದ ರುಚಿ ಇರುತ್ತದೆ. 650 ಮಿ.ಲೀ. ಕುಡಿಯುವ ವೇಗದಲ್ಲಿ ಇವನ್ನು ಕುಡಿಯುವಂತಿಲ್ಲ. 250 ಮಿ.ಲೀ. ಗ್ಲಾಸನ್ನು ಮುಕ್ಕಾಲು ಗಂಟೆ ಕೂತು ಮುಗಿಸಬೇಕು.

ಕಪ್ಪು ಬಿಯರ್ ಸ್ಟ್ರಾಂಗ್ ಇರುತ್ತದೆಂದು ಆರಿಸಿಕೊಂಡರೆ ನಿರಾಶೆಯಾದೀತು. ಬಣ್ಣ ಬರುವುದು ಹುರಿದ ಬಾರ್ಲಿಯಿಂದ, ಆಲ್ಕೋಹಾಲಿಗೂ ಅದಕ್ಕೂ ಸಂಬಂಧವಿಲ್ಲ. ಜಗತ್ತಿನಲ್ಲಿ ಎಲ್ಲರಿಗೂ ಗೊತ್ತಿರುವ ಕಪ್ಪು ಬಿಯರ್ ಗಿನ್ನೆಸ್. ಅದರ ಡ್ರಾಟ್ ಎಂಬ ಬಗೆ ಶೇ. 4.2 ಅಷ್ಟೇ.

ಗಾಡಿ ವಿಷಯ: ರಕ್ತದ 100 ಮಿ.ಲೀ.ಗೆ 30 ಮಿ.ಗ್ರಾಂ ಆಲ್ಕೋಹಾಲ್ ದಾಟಿದರೆ ಕೇಸು. ಒಂದು ಸ್ಟ್ರಾಂಗ್ ಬಾಟಲಿ ಖಾಲಿ ಮಾಡಿದವರು ಆ ರಾತ್ರಿ ಗಾಡಿ ಮುಟ್ಟಬಾರದು.

ಬಿಯರ್ ಬಾಟ್ಲಿ ಓಪನ್ ಮಾಡಿ ನೀರಿನ ಗ್ಲಾಸಿನಾಗ ಉಲ್ಟಾ ಹಿಡದ್ರ ಗ್ಲಿಸರಿನ್ ಕೆಳಗ ಇಳದು ಹೊರಗ ಬರ್ತದ ಅಂತಾರ. ನಾವೂ ಹಂಗ ಮಾಡ್ತೀವಿ. ಕ್ರಾಫ್ಟ್ ಬಿಯರಿಗೂ ಮಾಡಬೇಕೇನ್ರಿ?
— ವಿಜಯಪುರ

ಯಾವುದಕ್ಕೂ ಮಾಡಬೇಡಿ. ಬಿಯರ್‌ನಲ್ಲಿ ಹುದುಗದೆ ಉಳಿದ ಸಕ್ಕರೆ, ಪ್ರೋಟೀನು ಇರುವುದರಿಂದ ಅದು ನೀರಿಗಿಂತ ಸಾಮಾನ್ಯವಾಗಿ ಒಂದಿಷ್ಟು ಭಾರ. ಬಾಟಲಿ ತಲೆಕೆಳಗಾದಾಗ ಬಿಯರ್ ಎಳೆಎಳೆಯಾಗಿ ನೀರಿಗೆ ಇಳಿಯುತ್ತದೆ, ಅಷ್ಟೇ ನೀರು ಬಾಟಲಿಯೊಳಗೆ ಏರುತ್ತದೆ. ಕಣ್ಣಿಗೆ ಕಂಡ ಆ ಎಳೆ ಗ್ಲಿಸರಿನ್ ಅಲ್ಲ, ನೀವು ದುಡ್ಡು ಕೊಟ್ಟ ಬಿಯರ್. ಗ್ಲಿಸರಿನ್ ಯೀಸ್ಟಿನಿಂದಲೇ ಲೀಟರಿಗೆ ಒಂದೆರಡು ಗ್ರಾಂನಷ್ಟು ಹುಟ್ಟುತ್ತದೆ, ಯಾವ ಬಿಯರ್‌ನಲ್ಲೂ ಇರುತ್ತದೆ. ಅದು ಬಿಯರ್‌ನಲ್ಲಿ ಪೂರ್ತಿ ಬೆರೆತಿರುವುದರಿಂದ ಬೇರೆಯಾಗಿ ಇಳಿದು ಬರುವ ಮಾತೇ ಇಲ್ಲ. ಆಮೇಲೆ 'ಸ್ಮೂತ್' ಅನ್ನಿಸುವುದು ನೀರು ಬೆರೆತು ಗ್ಯಾಸು ಹೋಗಿರುವುದಕ್ಕೆ.

ಬಾಟಲಿ ತಿರುಗಿಸುವ ಕೈಚಳಕ ಬೇಕೇ ಬೇಕೆಂದರೆ ಹೆಫೆವೈಜನ್‌ಗೆ ಉಪಯೋಗಿಸಿ. ಗ್ಲಾಸನ್ನು ಓರೆ ಹಿಡಿದು ಮುಕ್ಕಾಲು ಸುರಿದು, ಬಾಟಲಿಯನ್ನು ಮೆಲ್ಲಗೆ ಗುಂಡಗೆ ಅಲುಗಿಸಿ, ತಳದ ಯೀಸ್ಟು ಎದ್ದಮೇಲೆ ಉಳಿದದ್ದನ್ನು ಸುರಿಯಬೇಕು.

ಬ್ಯಾಸಗ್ಯಾಗ ತಂದ ಪೇಲ್ ಏಲ್ ಬಾಟ್ಲಿಗೋಳು ಒಂದು ಒದ್ದಿ ರಟ್ಟಿನ ವಾಸನಿ, ಇನ್ನೊಂದು ಏನೋ ಗಬ್ಬು ನಾತ. ಎರಡೂ ಎಕ್ಸ್‌ಪೈರಿ ಒಳಗ ಇದ್ವು. ಕಂಪನಿ ತಪ್ಪಾ, ಅಂಗಡಿ ತಪ್ಪಾ?
— ನವನಗರ, ಬಾಗಲಕೋಟೆ

ಬೇಸಿಗೆ ಮತ್ತು ಬೆಳಕು. ಯಾರ ಕೈಯಲ್ಲಿದ್ದಾಗ ಆಯಿತೆಂದು ವಾಸನೆ ನೋಡಿ ಹೇಳಲಾಗದು, ಆದರೆ ಏನಾಯಿತೆಂದು ಹೇಳಬಹುದು.

ಒದ್ದೆ ರಟ್ಟಿನ ವಾಸನೆ ಬಿಸಿಯಲ್ಲಿ ಹಳಸಿದ ಬಿಯರ್‌ನದು. ಬಾಟಲಿಯೊಳಗೆ ಉಳಿದ ಚೂರು ಆಮ್ಲಜನಕ ಇದನ್ನು ಮಾಡುತ್ತದೆ, ಉಷ್ಣತೆ ಏರಿದಷ್ಟೂ ವೇಗ ಹೆಚ್ಚು. ಬಿಯರ್ ಮಾಡುವವರಲ್ಲಿ ಚಾಲ್ತಿಯಲ್ಲಿರುವ ಒಂದು ಅಂದಾಜು ಲೆಕ್ಕವಿದೆ: 32 ಡಿಗ್ರಿಯಲ್ಲಿ 3 ದಿನ ಇಟ್ಟರೂ, 22 ಡಿಗ್ರಿಯಲ್ಲಿ 30 ದಿನ ಇಟ್ಟರೂ, 3 ಡಿಗ್ರಿಯಲ್ಲಿ 300 ದಿನ ಇಟ್ಟರೂ ಹಳಸುವುದು ಒಂದೇ ಸಮ. ಏಪ್ರಿಲ್‌ನಲ್ಲಿ ನಿಮ್ಮಲ್ಲಿ 40 ಡಿಗ್ರಿ ಮುಟ್ಟುತ್ತದೆ. ಲಾರಿಯಲ್ಲಿ ಎರಡು ದಿನ, ತಗಡಿನ ಗೋದಾಮಿನಲ್ಲಿ ಒಂದು ವಾರ ಕಳೆದ ಬಾಟಲಿಯ ಮೇಲೆ ಎಕ್ಸ್‌ಪೈರಿ ಎಷ್ಟು ತಿಂಗಳಿದ್ದರೇನು? ಇದರಲ್ಲಿ ಮೊದಲು ಸಾಯುವುದು ಹಾಪ್ಸ್ ವಾಸನೆ. ಅದಕ್ಕೇ ಪೇಲ್ ಏಲ್, ಐಪಿಎ ಬೇಗ ಕೆಡುತ್ತವೆ. ಸ್ಟೌಟ್, ಟ್ರಿಪೆಲ್ ಇನ್ನಷ್ಟು ತಡೆಯುತ್ತವೆ.

ಗಬ್ಬು ನಾತದ್ದು ಬೇರೆ ಕಥೆ. ಬಿಸಿಲು ಅಥವಾ ಟ್ಯೂಬ್‌ಲೈಟು ಹಾಪ್ಸ್‌ನ ಕಹಿಯಂಶವನ್ನು ಒಡೆದು ಗಂಧಕದ ಸಂಯುಕ್ತವೊಂದನ್ನು ಹುಟ್ಟಿಸುತ್ತದೆ, ಅದರ ವಾಸನೆ ಕೊಂಚವಿದ್ದರೂ ಮೂಗಿಗೆ ತಾಗುತ್ತದೆ. ಹಸಿರು ಬಾಟಲಿ, ಬಿಳಿ ಬಾಟಲಿ ಇದನ್ನು ತಡೆಯುವುದಿಲ್ಲ. ಕಂದು ಬಾಟಲಿ ಬಹುಮಟ್ಟಿಗೆ ತಡೆಯುತ್ತದೆ, ಕ್ಯಾನ್ ಪೂರ್ತಿ. ಕಡು ಬಿಸಿಲಿನಲ್ಲಿ ಹಸಿರು ಬಾಟಲಿ ಕೆಡಲು ಕೆಲವೇ ನಿಮಿಷ ಸಾಕು.

ಹಾಗಾಗಿ ವೈನ್ ಶಾಪಿನಲ್ಲಿ ಮುಂದಿನ ಸಾಲಿನ, ಬೆಳಕಿಗೆ ಬಿದ್ದ ಬಾಟಲಿ ಬೇಡ, ಫ್ರಿಜ್ಜಿನ ಒಳಗಿನದನ್ನು ಕೇಳಿ. ಪೇಲ್ ಏಲ್, ಐಪಿಎ ತಯಾರಾಗಿ ಮೂರು ತಿಂಗಳೊಳಗಿದ್ದರೆ ಮಾತ್ರ ತೆಗೆದುಕೊಳ್ಳಿ. ಮಾರ್ಚ್‌ನಿಂದ ಮೇವರೆಗೆ ಇವನ್ನು ಬಾಟಲಿಯಲ್ಲಿ ಕೊಳ್ಳಲೇಬೇಡಿ ಎನ್ನುವುದು ನಮ್ಮ ಮಾತು. ಆ ತಿಂಗಳುಗಳಿಗೆ ಕ್ಯಾನಿನ ಲಾಗರ್, ಗೋಧಿ ಬಿಯರ್ ಇವೆ. ಕಾರಿನ ಡಿಕ್ಕಿಯಲ್ಲಿಟ್ಟು ಮದುವೆ ಮನೆಗೆ ಹೋಗಿ ಬರುವುದು ಬೇಡ. ಮನೆಯಲ್ಲಿ ಫ್ರಿಜ್ಜಿನ ಬಾಗಿಲಲ್ಲಿಡದೆ ಹಿಂಭಾಗದಲ್ಲಿ, ನೆಟ್ಟಗೆ ನಿಲ್ಲಿಸಿ ಇಡಿ. ಒಮ್ಮೆ ತಣ್ಣಗಾದದ್ದು ಹೊರಗೆ ಬಂದರೆ ಕೆಟ್ಟೇ ಹೋಯಿತು ಎನ್ನುವುದು ಸುಳ್ಳು. ಒಟ್ಟು ಎಷ್ಟು ಹೊತ್ತು ಬಿಸಿಯಲ್ಲಿತ್ತು ಎಂಬುದಷ್ಟೇ ಲೆಕ್ಕ.

ತುರ್ತಾಗಿ ತಣಿಸಬೇಕಿದ್ದರೆ ಫ್ರೀಜರಿಗೆ ಹಾಕಬೇಡಿ, ಮರೆತರೆ ಬಾಟಲಿ ಒಡೆಯುತ್ತದೆ. ಬಕೆಟ್ಟಿನಲ್ಲಿ ಅರ್ಧ ಐಸು, ಅರ್ಧ ನೀರು, ಎರಡು ಹಿಡಿ ಉಪ್ಪು ಹಾಕಿ ಬಾಟಲಿ ಕುತ್ತಿಗೆವರೆಗೆ ಮುಳುಗಿಸಿದರೆ 15ರಿಂದ 20 ನಿಮಿಷ ಸಾಕು. ಬರೀ ಐಸಿನಲ್ಲಿಟ್ಟರೆ ತಣಿಯುವುದು ತಡ, ಐಸಿನ ತುಂಡುಗಳ ನಡುವೆ ಗಾಳಿಯಿರುತ್ತದೆ.

ಕೊರೆಯುವಷ್ಟು ತಣ್ಣಗಿದ್ದರೆ ರುಚಿ ಸಿಗುವುದಿಲ್ಲ ಎನ್ನುವುದೂ ನೆನಪಿರಲಿ. ಲಾಗರ್ 4ರಿಂದ 7 ಡಿಗ್ರಿ, ಪೇಲ್ ಏಲ್, ಐಪಿಎ 7ರಿಂದ 10, ಸ್ಟೌಟ್ 10ರಿಂದ 13 ಇರಲಿ. ಪುಸ್ತಕಗಳಲ್ಲಿ ಸ್ಟೌಟನ್ನು ಕಾಲು ಗಂಟೆ ಮುಂಚೆ ಹೊರಗಿಡಿ ಎಂದಿರುತ್ತದೆ. ಬಾಗಲಕೋಟೆಯ ಮೇ ತಿಂಗಳಿಗೆ ಐದು ನಿಮಿಷವೇ ಹೆಚ್ಚು.

ನೊರಿ ಜಾಸ್ತಿ ಹಾಕಿ ಮೋಸಾ ಮಾಡ್ತಾರ್ರಿ. ನೊರಿ ಇಲ್ದಂಗ ಹಾಕ್ರಿ ಅಂತ ಹೇಳಬಹುದಾ?
— ಅಥಣಿ

ಹೇಳಬಹುದು, ಲಾಭವಿಲ್ಲ. ವಾಸನೆಯನ್ನು ಮೂಗಿಗೆ ತಲುಪಿಸುವುದೇ ನೊರೆ. ಎರಡು ಬೆರಳು ದಪ್ಪವಿರಲಿ, ಅದಕ್ಕಿಂತ ಹೆಚ್ಚಿದ್ದರೆ ಜಗಳ ಮಾಡಿ. ಮನೆಯಲ್ಲಿ ನೊರೆ ನಿಲ್ಲದಿದ್ದರೆ ಗ್ಲಾಸಿಗೆ ಎಣ್ಣೆಯ ಇಲ್ಲವೇ ಪಾತ್ರೆ ಸೋಪಿನ ಪಸೆ ಅಂಟಿದೆ ಎಂದರ್ಥ. ಗೋಡೆಗೆ ಗುಳ್ಳೆ ಅಂಟಿ ನಿಂತಿದ್ದರೂ ಅದೇ. ಹಿಡಿ ಉಪ್ಪು ಹಾಕಿ ಉಜ್ಜಿ, ಚೆನ್ನಾಗಿ ಜಾಲಿಸಿ, ಬೋರಲು ಹಾಕಿ ತಾನಾಗಿ ಒಣಗಲು ಬಿಡಿ.

ಗೋವಾದಾಗ ಬಗೆಬಗೆ ಕ್ರಾಫ್ಟ್ ಬಿಯರ್ ಸಿಗ್ತಾವ. ಚೋರ್ಲಾ ಘಾಟ್ ಮ್ಯಾಲಿಂದ ಬರ್ತಾ ಒಂದು ಕ್ರೇಟ್ ತರಬಹುದಾ?
— ಶಹಾಪುರ, ಬೆಳಗಾವಿ

ಪರ್ಮಿಟ್ ಇಲ್ಲದೆ ಬೇಡ. ಕಣಕುಂಬಿ ಚೆಕ್‌ಪೋಸ್ಟಿನಲ್ಲಿ ಗಾಡಿ ತಡೆದು ನೋಡುತ್ತಾರೆ, ಮಾಲು ಹೋಗುವುದಲ್ಲದೆ ಅಬಕಾರಿ ಕೇಸೂ ಬೀಳುತ್ತದೆ. ಅಲ್ಲೇ ಉಳಿದುಕೊಂಡು ಅಲ್ಲೇ ಕುಡಿಯಿರಿ. ಗೋವಾ ಬ್ರೂಯಿಂಗ್ ಕಂಪನಿಯ ಎಯ್ಟ್ ಫಿಂಗರ್ ಎಡ್ಡಿ ಎಂಬ ಐಪಿಎ ಸಿಕ್ಕರೆ, ಊಟಕ್ಕಿಂತ ಮುಂಚೆ ನೋಡಿ.

ನಮ್ಮದು ಖಾರದ ಊಟ. ಸಾವಜಿ ಮಟನ್, ಮಿರ್ಚಿ ಭಜಿ, ಎಣ್ಣಿಗಾಯಿ ಜೋಡಿ ಯಾವ ಬಿಯರ್ ಹೊಂದತಾವ? ಐಪಿಎ ಜೋಡಿ ತಿಂದ್ರ ಬಾಯಿ ಉರದು ಹೋತು.
— ಇಳಕಲ್

ಉರಿಯಲೇಬೇಕು. ಮೆಣಸಿನಕಾಯಿಯ ಖಾರ ನೀರಿನಲ್ಲಿ ಕರಗುವುದಿಲ್ಲ, ಬಿಯರ್‌ನಲ್ಲಿರುವಷ್ಟು ಆಲ್ಕೋಹಾಲಿನಲ್ಲೂ ತೊಳೆದು ಹೋಗುವುದಿಲ್ಲ. ಖಾರವನ್ನು 'ಬಿಸಿ' ಎಂದು ಮೆದುಳಿಗೆ ಹೇಳುವ ಅದೇ ನರದ ತುದಿಗಳನ್ನು ಆಲ್ಕೋಹಾಲ್ ಇನ್ನಷ್ಟು ಕೆಣಕುತ್ತದೆ. ಮೇಲೆ ಹಾಪ್ಸ್‌ನ ಕಹಿ, ಗ್ಯಾಸಿನ ಚುಚ್ಚು. ಮೂರೂ ಒಂದಾದರೆ ಬ್ಯಾಡಗಿ ಕೂಡ ಗುಂಟೂರಾಗುತ್ತದೆ. ಉರಿ ಆರಿಸಲು ಮಜ್ಜಿಗೆಯಷ್ಟು ಕೆಲಸ ಯಾವ ಬಿಯರೂ ಮಾಡದು.

ಮಿರ್ಚಿ ಭಜಿ, ಗಿರ್ಮಿಟ್‌ಗೆ ಹೆಫೆವೈಜನ್ ನಮ್ಮ ಮೊದಲ ಆಯ್ಕೆ. ಕಹಿ ಕಡಿಮೆ, ಗೋಧಿಯ ಮೆತ್ತಗೆ ಇದೆ, ಗ್ಯಾಸು ಮಾತ್ರ ಸಾಕಷ್ಟಿರುವುದರಿಂದ ಎಣ್ಣೆಯ ಪಸೆ ನಾಲಗೆಯಿಂದ ಏಳುತ್ತದೆ. ಸಾವಜಿ ರಸಕ್ಕೆ ಹುರಿದ ಕೊಬ್ಬರಿ, ಮಸಾಲೆ ಇರುತ್ತವೆ. ಅದಕ್ಕೆ ಮಾಲ್ಟ್ ಮುಂದಿರುವ ಅಂಬರ್ ಏಲ್, ಡುಂಕೆಲ್, ವಿಯೆನ್ನಾ ಲಾಗರ್ ಹೊಂದುತ್ತವೆ. ಎಣ್ಣೆಗಾಯಿ ಬದನೆಯ ಶೇಂಗಾ, ಎಳ್ಳಿಗೆ ಬ್ರೌನ್ ಏಲ್. ಐಪಿಎಯನ್ನು ಉಪ್ಪು ಹಾಕಿ ಹುರಿದ ಶೇಂಗಾ, ಖಾರವಿಲ್ಲದ ಕರಿದ ಮೀನಿಗೆ ಇಟ್ಟುಕೊಳ್ಳಿ.

ಸಿಹಿ ಜೊತೆ ಬಿಯರ್ ಎಂದರೆ ಮೂಗು ಮುರಿಯುವವರು ಬೆಳಗಾವಿ ಕುಂದಾ ಒಂದು ಚಮಚ, ಸ್ಟೌಟ್ ಒಂದು ಗುಟುಕು ಹೀಗೆ ನೋಡಬೇಕು. ಹಾಲು ಬತ್ತಿಸಿ ಕೆಂಪಾಗಿಸಿದ ರುಚಿಗೂ ಹುರಿದ ಬಾರ್ಲಿಗೂ ಸಂಬಂಧ ಹತ್ತಿರದ್ದು. ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಹಾಕಿದ ಮಿಲ್ಕ್ ಸ್ಟೌಟಾದರೆ ಮತ್ತೂ ಒಳ್ಳೆಯದು, ಏಕೆಂದರೆ ಬಿಯರ್‌ಗಿಂತ ತಿಂಡಿ ಹೆಚ್ಚು ಸಿಹಿಯಾದರೆ ಬಿಯರ್ ಹುಳಿಯಾಗಿ ತೋರುತ್ತದೆ. ನಿಮ್ಮ ಪಕ್ಕದ ಅಮೀನಗಡದ ಕರದಂಟಿಗೆ ಬೆಲ್ಜಿಯನ್ ಡುಬೆಲ್.

ಮನ್ಯಾಗ ಬಿಯರ್ ಮಾಡೂದು ಕಲೀಬೇಕಂತೀನಿ. ಯೂಟ್ಯೂಬಿನಾಗ ಸಸಾರ ಕಾಣ್ತದ.
— ಮುಧೋಳ

ಲೈಸೆನ್ಸ್ ಇಲ್ಲದೆ ಮಾಡುವುದು ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ, ಮನೆಮಟ್ಟಿಗೆ ಎಂದರೂ ಅಷ್ಟೇ. ನಾಲಗೆ ಪಳಗಿಸಲು ಬೇರೆ ದಾರಿ ಹೇಳುತ್ತೇವೆ, ಇದರಲ್ಲಿ ಹುದುಗಿಸುವುದೇ ಇಲ್ಲ. ಕಿರಾಣಿ ಅಂಗಡಿಯಿಂದ ಕಾಲು ಕಿಲೋ ಬಾರ್ಲಿ ತನ್ನಿ. ಮೂರು ಪಾಲು ಮಾಡಿ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಂದನ್ನು ಹೊಂಬಣ್ಣಕ್ಕೆ, ಒಂದನ್ನು ಕಂದು ಬಣ್ಣಕ್ಕೆ, ಒಂದನ್ನು ಕಪ್ಪಿನ ಹತ್ತಿರಕ್ಕೆ ಹುರಿಯಿರಿ. ಮೂರನೆಯದು ಹೊಗೆಯಾಡುತ್ತದೆ, ಕಿಟಕಿ ತೆಗೆದಿರಲಿ. ಒಂದೊಂದರಿಂದಲೂ 20 ಗ್ರಾಂ ಜಜ್ಜಿ 200 ಮಿ.ಲೀ. ಬಿಸಿ ನೀರಿನಲ್ಲಿ 20 ನಿಮಿಷ ನೆನೆಸಿ, ಸೋಸಿ ಕುಡಿಯಿರಿ. ಬಿಸ್ಕತ್ತು, ಹುರಿಗಡಲೆ, ಕಾಫಿ, ಹೀಗೆ ರುಚಿ ಬದಲಾಗುವುದು ಸ್ಪಷ್ಟವಾಗಿ ಸಿಗುತ್ತದೆ. ಡ್ರೈ ಸ್ಟೌಟಿನ ಆ ಒಣ ಕಹಿ ಬರುವುದು ಮೂರನೆಯದರಂಥ, ಮೊಳಕೆ ಬರಿಸದ ಹುರಿದ ಬಾರ್ಲಿಯಿಂದಲೇ.

ನಮ್ಮ ಬಿಳಿಜೋಳದಿಂದ ಬಿಯರ್ ಆಗೂದಿಲ್ಲೇನ್ರಿ?
— ಇಂಡಿ, ವಿಜಯಪುರ

ಆಗುತ್ತದೆ, ಆಗುತ್ತಲೂ ಇದೆ, ನಮ್ಮಲ್ಲಲ್ಲ ಅಷ್ಟೇ. ದಕ್ಷಿಣ ಆಫ್ರಿಕಾದ ಉಮ್‌ಕೊಂಬೋಟಿ ಎಂಬ ಹುಳಿ ಬಿಯರ್ ಜೋಳದ ಮೊಳಕೆ, ಮೆಕ್ಕೆಜೋಳದ್ದು. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟ್ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಕಾರ್ಖಾನೆಗಳೆಲ್ಲ ಜೋಳಕ್ಕೆ ತಿರುಗಿದವು. ಗ್ಲೂಟನ್ ಆಗದವರಿಗೂ ಜೋಳದ ಬಿಯರ್ ಮಾಡುತ್ತಾರೆ.

ತೊಡಕು ಮೂರು ಕಡೆ ಇದೆ. ಬಾರ್ಲಿಯ ಪಿಷ್ಟ 60ರಿಂದ 65 ಡಿಗ್ರಿಯಲ್ಲಿ ಬೆಂದು ಅಂಟಾಗುತ್ತದೆ, ಅದೇ ಬಿಸಿಯಲ್ಲಿ ಅದರ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಜೋಳದ ಪಿಷ್ಟಕ್ಕೆ 70ರ ಆಚೀಚೆ ಬೇಕು, ಅಷ್ಟರಲ್ಲಿ ಕಿಣ್ವ ಸಾಯತೊಡಗುತ್ತದೆ. ಎರಡನೆಯದು, ಪಿಷ್ಟವನ್ನು ಹುದುಗುವ ಸಕ್ಕರೆಯಾಗಿಸುವ ಮುಖ್ಯ ಕಿಣ್ವ ಜೋಳದ ಮೊಳಕೆಯಲ್ಲಿ ಬಾರ್ಲಿಗಿಂತ ಬಹಳ ಕಡಿಮೆ. ಮೂರನೆಯದು ಹೊಟ್ಟು. ಬಾರ್ಲಿಯ ಹೊಟ್ಟೇ ಸೋಸುವ ಜರಡಿಯಾಗುತ್ತದೆ, ಜೋಳಕ್ಕೆ ಅದಿಲ್ಲ, ಗಂಜಿ ಕಟ್ಟಿಕೊಂಡು ರಸ ಇಳಿಯುವುದಿಲ್ಲ. ಒಳ್ಳೆಯ ಸಂಗತಿಯೂ ಒಂದಿದೆ: ಕಿಣ್ವಗಳನ್ನು ಕಟ್ಟಿಹಾಕುವ ಟ್ಯಾನಿನ್ ಕೆಂಪು, ಕಂದು ಜೋಳದ ಕೆಲವು ತಳಿಗಳಲ್ಲಿ ಹೆಚ್ಚು, ನಿಮ್ಮ ಮಾಲದಂಡಿಯಂಥ ಹಿಂಗಾರಿ ಬಿಳಿಜೋಳದಲ್ಲಿ ಕಡಿಮೆ.

ಪೂರ್ತಿ ಜೋಳದ ಬಿಯರ್‌ಗೆ ಹೊರಗಿನಿಂದ ಕಿಣ್ವ ಹಾಕಬೇಕಾಗುತ್ತದೆ. ಯಾವುದಾದರೂ ಮೈಕ್ರೋಬ್ರೂವರಿಯವರು ಪರಿಚಯವಿದ್ದರೆ ಅವರಿಗೆ ಹೀಗೆ ಹೇಳಿ ನೋಡಿ: ಶೇ. 20ರಿಂದ 30 ಜೋಳದ ನುಚ್ಚನ್ನು ಬೇರೆ ಪಾತ್ರೆಯಲ್ಲಿ ಪೂರ್ತಿ ಬೇಯಿಸಿ, 65 ಡಿಗ್ರಿಯ ಬಾರ್ಲಿ ಮ್ಯಾಶ್‌ಗೆ (ಬಿಸಿ ನೀರಿನಲ್ಲಿ ನೆನೆಸಿದ ಜಜ್ಜಿದ ಮಾಲ್ಟ್‌ಗೆ) ಬೆರೆಸುವುದು, ಉಳಿದದ್ದು ಕೋಲ್ಷ್ ಯೀಸ್ಟಿನ ಕೆಲಸ. ಬಣ್ಣ ತಿಳಿ, ಮೈ ಹಗುರ, ನೊರೆ ತುಸು ಕಡಿಮೆ ಬರುತ್ತದೆ. ವಿಜಯಪುರದ ಬಿಸಿಲಿಗೆ ಬೇಕಾದದ್ದು ಅಂಥದ್ದೇ.